ಓಲೆ ಇರುವ ಹಸುವಿಗೆ ಮಾತ್ರ ಬಿರುಗಾಳಿ

2023ರ ಜೂನ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಎದ್ದ ಚಂಡಮಾರುತಕ್ಕೆ ಬಾಂಗ್ಲಾದೇಶ ಕೊಟ್ಟಿದ್ದ ಹೆಸರು ಬಿಪರ್‌ಜೋಯ್. ಬಂಗಾಳಿಯಲ್ಲಿ ಅದಕ್ಕೆ ವಿಪತ್ತು ಎಂದರ್ಥ; ನಮ್ಮ ಬಾಯಲ್ಲಿ ಅದೇ ಪದ ವಿಪರ್ಯಯ, ಅಂದರೆ ತಲೆಕೆಳಗು. ಗಾಳಿಯೇನೋ ಗುಜರಾತಿನ ಜಖೌ ಬಂದರಿನತ್ತ ಹೊರಟುಹೋಯಿತು. ವಿಪರ್ಯಯ ಮಾತ್ರ ನಮ್ಮ ಕರಾವಳಿಯಲ್ಲೇ ಉಳಿಯಿತು.

ಬಿರುಗಾಳಿಯ ಮುನ್ನೆಚ್ಚರಿಕೆಯಲ್ಲಿ ದನಗಳ ಹಗ್ಗ ಬಿಚ್ಚಿಬಿಡಿ ಎಂಬ ಸೂಚನೆ ಇದ್ದೇ ಇರುತ್ತದೆ. ಅದು ವಿವೇಕದ ಮಾತೇ ಹೌದು, ಮಾಡು ಕುಸಿದಾಗ ಕಟ್ಟಿದ ದನಕ್ಕೆ ಓಡಲು ದಾರಿಯಿರುವುದಿಲ್ಲ. ಆದರೆ ಹೀಗೆ ಬಿಟ್ಟ ದನ ಪಕ್ಕದವರ ಗದ್ದೆಗೆ ನುಗ್ಗಿದರೆ 1966ರ ಜಾನುವಾರು ಅತಿಕ್ರಮಣ ಕಾಯ್ದೆಯ ಪ್ರಕಾರ ಅದನ್ನು ದೊಡ್ಡಿಗೆ ಹಾಕಬಹುದು, ದಂಡ ತೆತ್ತೇ ಬಿಡಿಸಿಕೊಳ್ಳಬೇಕು. ಆದ್ದರಿಂದ ಗಂಟೆಗೆ ನೂರು ಕಿಲೋಮೀಟರ್ ವೇಗದ ಗಾಳಿಯಲ್ಲಿ ಪ್ರಾಣಭಯದಿಂದ ಓಡುವ ಹಸುವು ಸರ್ವೆ ನಂಬರಿನ ಗಡಿಕಲ್ಲು ಕಂಡೊಡನೆ ನಿಂತು, ಪಹಣಿ ನೋಡಿಕೊಂಡು, ಎಡಕ್ಕೋ ಬಲಕ್ಕೋ ತಿರುಗತಕ್ಕದ್ದು.

ಸಾಯುವುದಕ್ಕೂ ಶಿಸ್ತು ಬೇಕು. 2022–26ರ ಅವಧಿಗೆ ಕೇಂದ್ರ ಗೃಹ ಸಚಿವಾಲಯ ನಿಗದಿಪಡಿಸಿದ ವಿಪತ್ತು ಪರಿಹಾರದ ಮಾನದಂಡದಂತೆ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಆಡಿಗೆ 4,000, ಕೋಳಿಗೆ 100. ಒಂದು ಮನೆಗೆ ದೊಡ್ಡ ಹಾಲಿನ ಜಾನುವಾರು ಮೂರೇ ಮೂರು. ನಾಲ್ಕನೆಯದು ಸತ್ತರೆ ಸರ್ಕಾರದ ದೃಷ್ಟಿಯಲ್ಲಿ ಅದು ಬದುಕಿರಲೇ ಇಲ್ಲ. ಕೋಳಿಗಳ ಪರಿಹಾರಕ್ಕೆ 10,000 ರೂಪಾಯಿಯ ಮಿತಿಯಿರುವುದರಿಂದ ನೂರಾ ಒಂದನೆಯ ಕೋಳಿ ತನ್ನ ಜವಾಬ್ದಾರಿಯನ್ನು ತಾನೇ ಹೊರಬೇಕು. ಸತ್ತ ಪ್ರಾಣಿಯ ಮರಣೋತ್ತರ ಪರೀಕ್ಷೆಗೆ ಶವ ಬೇಕು, ಶವ ಕಡಲು ಸೇರಿದ್ದರೆ ಕಡಲಿನಿಂದಲೇ ದಾಖಲೆ ತರಬೇಕೇನೋ! ವಿಮೆಯವರ ವೇದವಾಕ್ಯ ಇನ್ನೂ ಚಿಕ್ಕದು: ದನದ ಕಿವಿಗೆ ಚುಚ್ಚುವ ಗುರುತಿನ ಬಿಲ್ಲೆ, ಅಂದರೆ ಹನ್ನೆರಡು ಅಂಕಿಯ ಕಿವಿಯೋಲೆ, ಇಲ್ಲದಿದ್ದರೆ ಹಣವೂ ಇಲ್ಲ.

ನಮ್ಮ ನೆರೆಮನೆಯ ಅಜ್ಜಿ ಆ ವಾರ ಎರಡು ದಿನ ದುಡಿದು ಹಟ್ಟಿಯ ಶೀಟುಗಳ ಮೇಲೆ ಮರಳಿನ ಚೀಲ ಹೇರಿದ್ದರು, ಬೈಹುಲ್ಲನ್ನು ಅಟ್ಟಕ್ಕೇರಿಸಿದ್ದರು, ಹಟ್ಟಿಯ ಮೇಲೆ ಬಾಗಿದ್ದ ತೆಂಗಿನಿಂದ ಒಣ ಮಡಲು ಇಳಿಸಿದ್ದರು. ಸಿದ್ಧತೆ ಪರಿಶೀಲಿಸಲು ಬಂದ ಸಿಬ್ಬಂದಿ ಇದಾವುದನ್ನೂ ಕಣ್ಣೆತ್ತಿ ನೋಡದೆ, ಕಡತ ತೆರೆದು ಕೇಳಿದರು:

"ಓಲೆ ಉಂಟಾ ಅಜ್ಜಿ?"

ಅಜ್ಜಿ ತಮ್ಮ ಬರಿಗಿವಿಯನ್ನು ಮುಟ್ಟಿಕೊಂಡರು. "ಸೊಸೈಟಿಯಲ್ಲಿ ಅಡವಿಟ್ಟಿದ್ದೇನೆ ಮಗಾ."

"ನಿಮ್ಮದಲ್ಲ, ದನದ್ದು."

ದನಗಳದ್ದು ಇತ್ತು. ಕಿವಿ ಕಾಣುವಂತೆ ಒಂದೊಂದರ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಅನುಕೂಲವಾಗುತ್ತದೆ ಎಂದು ಸಲಹೆ ಕೊಟ್ಟು, ಮೂರಕ್ಕೆ ಮಾತ್ರ ಪರಿಹಾರವೆಂಬುದನ್ನೂ ವಿವರಿಸಿ, ಮಳೆ ಜೋರಾಗುವ ಮೊದಲು ಅವರು ಜೀಪು ಹತ್ತಿದರು. ಹಟ್ಟಿಯಲ್ಲಿದ್ದ ದನಗಳು ನಾಲ್ಕು.

ಸಂಜೆ ಗಾಳಿ ಬೀಸತೊಡಗಿದಾಗ ಅಜ್ಜಿ ಮೊದಲು ಬಿಚ್ಚಿದ್ದು ನಾಲ್ಕನೆಯದರ ಹಗ್ಗವನ್ನು.