ಧೈರ್ಯಕ್ಕೆ ಐದರಲ್ಲಿ ನಾಲ್ಕು

ನಮ್ಮ ಕಾಮರ್ಸ್ ಕಾಲೇಜುಗಳಲ್ಲಿ ಉದ್ಯಮಿ ಹುಟ್ಟುವುದು ಗೂಗಲ್ ಫಾರ್ಮಿನಲ್ಲಿ. ‘ನಾನು ರಿಸ್ಕ್‌ಗೆ ಹೆದರುವವನಲ್ಲ’ ಎಂಬ ವಾಕ್ಯಕ್ಕೆ ಒಂದರಿಂದ ಐದರೊಳಗೆ ಒಂದನ್ನು ಒತ್ತಬೇಕು; ಐದೆಂದರೆ ಪೂರ್ತಿ ಒಪ್ಪಿಗೆ. ವಿದ್ಯಾರ್ಥಿಗಳ ಉದ್ಯಮಶೀಲತೆಯ ಬಗ್ಗೆ ಸಂಶೋಧನಾ ಪ್ರಬಂಧ ಬರೆಯಲು ಲಿಂಕ್ ಕಳಿಸಿದ ಮೇಡಂ ಕೈಯಲ್ಲೇ ಇಂಟರ್ನಲ್ ಮಾರ್ಕ್ಸ್ ಇದೆ. ಹುಡುಗ ಹೆದರಿಕೊಂಡೇ ನಾಲ್ಕು ಒತ್ತುತ್ತಾನೆ. ಐದು ಒತ್ತಿದರೆ ಕೊಬ್ಬು ಅಂದುಕೊಂಡಾರು.

ಪ್ರಬಂಧಕ್ಕೆ ಉತ್ತರಿಸಲು ಬೇಕಾದವರು 384 ಮಂದಿ. ಎಷ್ಟು ಜನರಿದ್ದರೆ ಎಷ್ಟು ಮಂದಿಯನ್ನು ಕೇಳಿದರೆ ಸಾಕು ಎಂದು ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಪಟ್ಟಿಯ ಕೊನೆಯ ಸಾಲಿನಲ್ಲಿ ಹಾಗಿದೆ. ಆ ಲೆಕ್ಕ ಚೀಟಿ ಎತ್ತಿ ಆರಿಸಿದವರಿಗೆ ಮಾತ್ರ ಸಲ್ಲುತ್ತದೆ. ನಮ್ಮಲ್ಲಿ ಸಿಆರ್ (ಕ್ಲಾಸಿನ ಪ್ರತಿನಿಧಿ) ಫಾರ್ಮಿನ ಲಿಂಕನ್ನು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾನೆ. ಸಾಧನೆಯ ಹಂಬಲಕ್ಕೆ ಐದು ವಾಕ್ಯ, ಆತ್ಮವಿಶ್ವಾಸಕ್ಕೆ ಐದು, ಅನಿಶ್ಚಿತತೆ ಸಹಿಸುವ ಗುಣಕ್ಕೆ ಐದು (ಪರೀಕ್ಷಾ ವೇಳಾಪಟ್ಟಿಗೆ ಕಾದವರಲ್ಲಿ ಇದು ಧಾರಾಳ). ಕೊನೆಗೆ, ‘ಸ್ವಂತ ಉದ್ಯಮ ಶುರುಮಾಡಲು ನಿರ್ಧರಿಸಿದ್ದೇನೆ’. ಗುಣವನ್ನೂ ಉದ್ದೇಶವನ್ನೂ ಒಬ್ಬನೇ ಒಂದೇ ಸಲಕ್ಕೆ ಕೂತು ಹೇಳಿದ ಮೇಲೆ ಎರಡಕ್ಕೂ ಗಾಢ ಸಂಬಂಧ ಬಾರದೆ ಇನ್ನೇನು?

ಒಂದು ಗುಣದ ವಾಕ್ಯಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕ್ರೋನ್‌ಬಾಕ್ ಆಲ್ಫಾ 0.7 ದಾಟಬೇಕು. ಒಬ್ಬ ಓದದೆ ಸಾಲಾಗಿ ಎರಡು, ಮತ್ತೊಬ್ಬ ಸಾಲಾಗಿ ಐದು ಒತ್ತಿದರೆ ಅದು ತಾನೇ ಏರುತ್ತದೆ. ನಡುವೆ ‘ನನಗೆ ಸಂಬಳದ ಕೆಲಸವೇ ನೆಮ್ಮದಿ’ ಎಂಬ ತಿರುಗುಮುರುಗು ವಾಕ್ಯವಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಾರೆ, ಆಲ್ಫಾ ಕುಸಿಯುತ್ತದೆ. ಪರಿಹಾರ ಸುಲಭ: ಕಳ್ಳನಿಗೆ ಬೊಗಳಿದ ನಾಯಿಯನ್ನು ಓಡಿಸಿದ ಹಾಗೆ ಆ ವಾಕ್ಯವನ್ನೇ ಕಿತ್ತುಹಾಕುವುದು.

ಸಾಧನೆಯ ಹಂಬಲವನ್ನು ಪ್ರಸಿದ್ಧಿಗೆ ತಂದ ಅಮೆರಿಕದ ಮನೋವಿಜ್ಞಾನಿ ಮೆಕ್‌ಕ್ಲೆಲೆಂಡ್ ‘ನೀವು ಧೈರ್ಯಶಾಲಿಯೇ?’ ಎಂದು ಕೇಳಿ ಸುಮ್ಮನಾಗಲಿಲ್ಲ. ರಿಂಗ್ ಕೊಟ್ಟು ಗೂಟಕ್ಕೆ ಎಸೆಯಲು ಬಿಟ್ಟು ನೋಡಿದರೆ, ಹಂಬಲ ಹೆಚ್ಚಿದ್ದವರು ತೀರ ಹತ್ತಿರವೂ ಅಲ್ಲ, ಅದೃಷ್ಟವನ್ನೇ ನಂಬುವಷ್ಟು ದೂರವೂ ಅಲ್ಲ, ನಡುವೆ ನಿಂತರು. 1964ರಲ್ಲಿ ಆಂಧ್ರದ ಕಾಕಿನಾಡದಿಂದ ಅವರು ತರಬೇತಿಗೆ ಕರೆದದ್ದೂ ಆಗಲೇ ವ್ಯಾಪಾರ ಮಾಡುತ್ತಿದ್ದವರನ್ನು. ನಮಗೆ ಅಂಥವರು ಸಿಗುವುದೇ ಇಲ್ಲ. ಬೆಳಗ್ಗೆ ಐದಕ್ಕೆ ಕ್ಯಾಟರಿಂಗ್ ಒಲೆ ಹಚ್ಚುವ ಹುಡುಗ ಒಂಬತ್ತರ ಕ್ಲಾಸಿಗೆ ಬರುವುದಿಲ್ಲ. ಶೇ 75 ಹಾಜರಿ ಇಲ್ಲವೆಂದು ಪರೀಕ್ಷೆಗೂ ಕೂರಿಸುವುದಿಲ್ಲ. ಸಿಆರ್ ಅವನನ್ನು ಗ್ರೂಪಿನಿಂದ ತೆಗೆದಿರುತ್ತಾನೆ.

ಪ್ರಬಂಧದ ಕೊನೆಯ ಅಧ್ಯಾಯದ ಶಿಫಾರಸು: ಪ್ರತಿ ಕಾಲೇಜಿನಲ್ಲೂ ಉದ್ಯಮಶೀಲತಾ ಘಟಕ ಆರಂಭವಾಗಲಿ. ಆರಂಭವಾಗುತ್ತದೆ. ಒಂದು ಬ್ಯಾನರ್, ಒಂದು ದೀಪ, ಸ್ವಂತ ಉದ್ಯಮದ ಬಗ್ಗೆ ಮಾತಾಡಲು ಕಾಯಂ ನೌಕರಿಯ ಅತಿಥಿ. ಉದ್ಘಾಟನೆಗೆ ಇನ್ನೂರು ಪ್ಲೇಟ್ ಉಪ್ಪಿಟ್ಟು-ಕೇಸರಿಬಾತ್ ಅದೇ ಕ್ಯಾಟರಿಂಗ್ ಹುಡುಗನಿಂದ ಬರುತ್ತದೆ. ಬಿಲ್ ಪಾಸಾಗುವುದು ಮಾರ್ಚ್ ಕಳೆದ ಮೇಲೆ.