ಕೋಟೆ ಗೋಡೆಗೆ ಸಿಮೆಂಟ್ ಅಭಿಷೇಕ

ಸಂರಕ್ಷಿತ ಕೋಟೆ ಗೋಡೆ ಕೆಡವುವ ಆಸೆಯಿದ್ದರೆ ಗುದ್ದಲಿ ಹಿಡಿಯಬೇಡಿ. 1958ರ ಸ್ಮಾರಕ ಕಾಯ್ದೆ ಕಾದು ಕೂತಿದೆ: ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗೋಡೆಯ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿಯಿಲ್ಲದೆ ಕಟ್ಟುವ ಹಾಗಿಲ್ಲ. ಇಷ್ಟೆಲ್ಲ ತಾಪತ್ರಯ ಏಕೆ? ದುರಸ್ತಿ ಗುತ್ತಿಗೆ ಹಿಡಿಯಿರಿ.

ಮೊದಲು ಅರಳಿ ಸಸಿ. ಮೇಲೆ ಮೇಲೆ ಕಡಿದು ಫೋಟೊ ತೆಗೆಯಿರಿ, ಬೇರು ಒಳಗೇ ಇರಲಿ. ಮಳೆಗಾಲಕ್ಕೆ ಒಂದರ ಜಾಗದಲ್ಲಿ ನಾಲ್ಕು ಚಿಗುರುತ್ತವೆ, ಗುತ್ತಿಗೆಯೂ ಚಿಗುರುತ್ತದೆ. ಬುಡಕ್ಕೆ ಕಳೆನಾಶಕ ಹಚ್ಚಿ, ಬೇರು ಸತ್ತ ಮೇಲೆ ಸಂದಿಗೆ ಗಾರೆ ತುಂಬುವವರಿದ್ದಾರೆ; ಅವರಿಗೆ ವ್ಯವಹಾರ ತಿಳಿಯದು.

ಗಾರೆಯ ಸುದ್ದಿಗಂತೂ ಹೋಗಲೇಬೇಡಿ. ಸುಟ್ಟ ಸುಣ್ಣದ ಕಲ್ಲನ್ನು ನೀರಲ್ಲಿ ಅರಳಿಸಿ, ವಾರಗಟ್ಟಲೆ ನೆನೆಯಲು ಬಿಟ್ಟು, ಒಂದು ಪಾಲಿಗೆ ಎರಡೋ ಮೂರೋ ಪಾಲು ಮರಳು ಸೇರಿಸಿ, ಗಾಣದಲ್ಲಿ ಅರೆದು, ಹಚ್ಚಿದ ಮೇಲೂ ಒದ್ದೆ ಗೋಣಿ ಹೊದಿಸಿ ಕಾಯಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಅನುದಾನ ಮಾರ್ಚ್ 31ರ ಆಚೆ ಕಾಯುವುದಿಲ್ಲ. ಸಿಮೆಂಟ್ ಆದರೆ ಬೆಳಗಾಗುವಷ್ಟರಲ್ಲಿ ಬಿಗಿಯುತ್ತದೆ, ಬಿಲ್ಲೂ ಪಾಸಾಗುತ್ತದೆ.

ಇನ್ನು ಅಸಲು ಕರಾಮತ್ತು. ಹಳೆಯ ಕೋಟೆ ಗೋಡೆ ಸಾಮಾನ್ಯವಾಗಿ ಎರಡು ಮೈಯದು: ಹೊರಗೊಂದು, ಒಳಗೊಂದು ಕಲ್ಲಿನ ಪದರ, ನಡುವೆ ಮಣ್ಣು, ಚೂರುಕಲ್ಲು, ಗಾರೆ. ತಲೆಯಿಂದ ಇಳಿದ ಮಳೆನೀರು ಸುಣ್ಣದ ಸಂದಿಗಳ ಮೂಲಕ ನಿಧಾನಕ್ಕೆ ಆರುತ್ತದೆ. ಆ ಸಂದಿಗಳಿಗೆ ಸಿಮೆಂಟ್ ಮೆತ್ತಿ. ಹಳೆಯ ತೂಬುಗಳಿದ್ದರೆ ಹಾವು ಬರುತ್ತದೆಂದು ಹೇಳಿ ಮುಚ್ಚಿಸಿ. ನೀರಿಗೆ ಈಗ ದಾರಿಯಿಲ್ಲ. ಉಪ್ಪು ಕಲ್ಲಿನೊಳಗೆ ಹರಳುಗಟ್ಟಿ ಮೇಲ್ಮೈಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ನಡುವಿನ ಮಣ್ಣು ನೆನೆದು ಭಾರವಾಗಿ ಹೊರಮೈಯನ್ನು ತಳ್ಳುತ್ತದೆ. ಗೋಡೆ ಹೊಟ್ಟೆ ಬಿಡುತ್ತದೆ. ಆ ಹೊಟ್ಟೆಯ ಮೇಲೆ ಇನ್ನೊಂದು ಸುತ್ತು ಸಿಮೆಂಟ್ ಬಳಿದರೆ ಕೆಲಸ ಮುಗಿದ ಹಾಗೆಯೇ.

ವಿಜಯಪುರದ ಸುಮಾರು 10 ಕಿ.ಮೀ. ಸುತ್ತುಗೋಡೆ 1685-86ರಲ್ಲಿ ಮೊಘಲ್ ಸೈನ್ಯವನ್ನು ವರ್ಷಕ್ಕೂ ಮಿಕ್ಕಿ ಸತಾಯಿಸಿತು. ಪಾಪ, ಔರಂಗಜೇಬನ ಬಳಿ ಇದ್ದದ್ದು ಫಿರಂಗಿ ಮಾತ್ರ.

ಒಂದು ಆಷಾಢದ ರಾತ್ರಿ ಗೋಡೆ ಕುಸಿಯುತ್ತದೆ. ವರದಿಗೆ ಒಂದೇ ಸಾಲು ಸಾಕು: ‘ಅತಿವೃಷ್ಟಿಯಿಂದ ಹಾನಿ.’ ಬಿದ್ದ ಕಲ್ಲುಗಳಿಗೆ ನಂಬರ್ ಹಾಕಿ, ಹಳೆಯ ಫೋಟೊ ನೋಡಿ ಅದದೇ ಜಾಗಕ್ಕೆ ಕೂರಿಸಬಹುದು, ನಿಜ. ಆದರೆ ಅವುಗಳಿಂದ ಕಂದಕ ತುಂಬಿಸಿದರೆ ವಾಹನ ನಿಲುಗಡೆಗೆ ಜಾಗವಾಗುತ್ತದೆ. ಹೊಸ ಅಂದಾಜು ಪಟ್ಟಿಗೆ ತಲೆ ಕೆಡಿಸಿಕೊಳ್ಳಬೇಡಿ, ಹಳೆಯದನ್ನೇ ನಕಲು ಮಾಡಿ ಸಿಮೆಂಟ್ ಚೀಲದ ಲೆಕ್ಕ ಮಾತ್ರ ಏರಿಸಿ.