ಹತ್ತನೆಯವನ ಕೊಡೆ

ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಜಡಿದವಳು ನಾನೇ, ಮೇ 28ರಂದು ತೆಗೆಯಲು ಹೋದವಳೂ ನಾನೇ. ಬೀಗವೂ ಅದೇ, ಕೀಲಿಕೈಯೂ ಅದೇ. ಆದರೂ ಕೀಲಿ ಒಳಗೆ ಹೋಗಲೊಲ್ಲದು. ಬಗ್ಗಿ ನೋಡಿದರೆ ಕುಂಬಾರ ಹುಳವೊಂದು ಆ ತೂತಿನಲ್ಲಿ ಮಣ್ಣು ಮೆತ್ತಿ, ಮನೆ ಕಟ್ಟಿ, ಗೃಹಪ್ರವೇಶವನ್ನೂ ಮುಗಿಸಿಬಿಟ್ಟಿತ್ತು. ಶೌಚಾಲಯದ ಬಾಗಿಲಿಗೆಂದು ನಾವು ಕೊಟ್ಟ ಅರ್ಜಿ ಇನ್ನೂ ಮೇಜಿನಿಂದ ಮೇಜಿಗೆ ಪಾದಯಾತ್ರೆ ಮಾಡುತ್ತಿದೆ. ಈ ಹುಳ ನೋಡಿ, ಅಂದಾಜು ಪಟ್ಟಿಯಿಲ್ಲ, ಟೆಂಡರಿಲ್ಲ, ಎರಡೇ ತಿಂಗಳಲ್ಲಿ ಕಾಮಗಾರಿ ಪೂರ್ಣ.

ತಲೆಯ ಪಿನ್ನು ಹಾಕಿ ಕೆದಕಿದೆ. ಕೊಬ್ಬರಿ ಎಣ್ಣೆ ಬಿಟ್ಟೆ. ಕೊನೆಗೆ ಬಿಸಿಯೂಟದ ಅಡುಗೆಯಕ್ಕ ಸೊಂಟದ ಕತ್ತಿ ತೆಗೆದು, ‘ನೀವು ಆಚೆ ಸರೀರಿ ಟೀಚರೇ’ ಎಂದು ಅದರ ಹಿಂಬದಿಯಿಂದ ಎರಡು ಕೊಟ್ಟಳು. ಬೀಗ ಬಾಯಿಬಿಟ್ಟಿತು. ಅಂದು ಬಿಟ್ಟ ಬಾಯಿ ಮತ್ತೆ ಮುಚ್ಚಲಿಲ್ಲ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ, ಆಗುಂಬೆ ಕಡೆಗೆ ಮುಖ ಮಾಡಿದ ಮೂಲೆಯ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿ, ಎರಡು ಕೋಣೆ, ಒಂದು ಅಡುಗೆಮನೆ, ನಾನೊಬ್ಬಳು. ಮುಖ್ಯೋಪಾಧ್ಯಾಯಿನಿ ನಾನೇ, ಸಹಶಿಕ್ಷಕಿ ನಾನೇ, ಜವಾನಳೂ ನಾನೇ. ಸಿಬ್ಬಂದಿ ಸಭೆ ಕರೆದರೆ ಕೋರಂಗೆ ಕೊರತೆಯಿಲ್ಲ, ನಿರ್ಣಯಗಳೆಲ್ಲ ಸರ್ವಾನುಮತ. ಕಳೆದ ಸಾಲಿನಲ್ಲಿ ಹನ್ನೊಂದು ಮಕ್ಕಳಿದ್ದರು. ಐದನೆಯದು ಮುಗಿಸಿದ ಇಬ್ಬರು ಹುಡುಗಿಯರು ವರ್ಗಾವಣೆ ಪತ್ರ ಹಿಡಿದು ಪೇಟೆಯ ಶಾಲೆಗೆ ಹೋದರು. ಉಳಿದದ್ದು ಒಂಬತ್ತು.

ಒಂಬತ್ತು ಎಂಬ ಸಂಖ್ಯೆ ನವಗ್ರಹಕ್ಕೆ ಒಳ್ಳೆಯದು, ನವರಾತ್ರಿಗೂ ಒಳ್ಳೆಯದು, ಸರ್ಕಾರಿ ಶಾಲೆಗೆ ಒಳ್ಳೆಯದಲ್ಲ. ಒಂದಂಕಿಗೆ ಇಳಿದರೆ ಪಕ್ಕದೂರಿನ ಶಾಲೆಯ ಜೊತೆ ಸೇರಿಸಿಬಿಡುತ್ತಾರಂತೆ ಎಂಬ ಮಾತು ಬಸ್ಸಿನಲ್ಲಿ, ಸೊಸೈಟಿಯಲ್ಲಿ, ಕೊನೆಗೆ ಸತ್ಯನಾರಾಯಣ ಪೂಜೆಯ ಪಂಕ್ತಿಯಲ್ಲೂ ಓಡಾಡುತ್ತಿತ್ತು. ಹಾಗಾಗಿ ಬೇಸಿಗೆಯಿಡೀ ನಾನು ಹತ್ತನೆಯ ಮಗುವಿನ ಹುಡುಕಾಟದಲ್ಲಿದ್ದೆ. ಹೆಣ್ಣು ನೋಡಲು ಹೋಗುವವರ ಹಾಗೆ ಮನೆಮನೆಗೆ ಹೋಗಿ, ಕೊಟ್ಟ ಕೋಕಂ ಶರಬತ್ತನ್ನೆಲ್ಲ ಕುಡಿದು, ಮಾತಿನ ಮಧ್ಯೆ ‘ಸಣ್ಣವನಿಗೆ ವಯಸ್ಸೆಷ್ಟಾಯ್ತು?’ ಎಂದು ತೇಲಿಸಿ ಕೇಳುವುದು. ಸೇತುವೆಯ ತನಕ ಬರುವ ಹಳದಿ ವ್ಯಾನು ಆಗಲೇ ಮೂರು ಮನೆ ಬಾಚಿಕೊಂಡಿತ್ತು.

ಸಿಕ್ಕವನು ಪುಟ್ಟ. ತೋಟದ ಕೆಲಸದವರ ಮನೆಯ ಹುಡುಗ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮಕ್ಕೆ ಅವನು ನಾಲ್ಕು ತಿಂಗಳು ಸಾಲದೆ ಬಂದ. 2025–26ರ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದಾರೆ ಎಂಬ ಸುದ್ದಿ ಬಂದ ದಿನ ನಾನೂ ಅವನ ಅಮ್ಮನೂ ಜಗುಲಿಯಲ್ಲಿ ಕೂತು, ಕ್ಯಾಲೆಂಡರ್ ಹರವಿಕೊಂಡು, ಜಾತಕ ಹೊಂದಿಸುವವರಂತೆ ಮೂರು ಸಲ ಬೆರಳು ಮಡಚಿದೆವು. 5 ವರ್ಷ 8 ತಿಂಗಳು. ಕೂಡಿ ಬಂತು! ಪುಟ್ಟ ಮಾತ್ರ ಅಲ್ಲೇ ಕೋಳಿಮರಿ ಅಟ್ಟುತ್ತಿದ್ದವನು, ‘ನಾ ಬರದಿಲ್ಲ’ ಎಂದು ಐದೇ ಅಕ್ಷರದಲ್ಲಿ ಸಭೆ ಮುಗಿಸಿದ.

ಮತ್ತೆ ಬೀಗಕ್ಕೆ ಬರುತ್ತೇನೆ. ಒಳಗೆ ಹೋದರೆ ನಲಿ-ಕಲಿ ಕಾರ್ಡುಗಳಿಗೆ ಒರಲೆ ಹಿಡಿದಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಶುರುವಾದ ಈ ಪದ್ಧತಿಯ ಸೊಗಸೆಂದರೆ ಮಗು ತನ್ನದೇ ವೇಗದಲ್ಲಿ, ಕಲಿಕಾ ಏಣಿಯ ಒಂದೊಂದೇ ಮೆಟ್ಟಿಲು ಹತ್ತಬಹುದು. ನಮ್ಮ ಒರಲೆಗಳು ಅದನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದವು. ಕನ್ನಡದಲ್ಲಿ ಎರಡನೇ ತರಗತಿಯ ಮಟ್ಟ ಪೂರೈಸಿ, ಗಣಿತದಲ್ಲಿ ಮಾತ್ರ ಸಂಕಲನದ ಹತ್ತಿರ ನಿಧಾನವಾಗಿದ್ದವು. ಗಣಿತ ಎಲ್ಲರಿಗೂ ಕಷ್ಟ. ಅಡುಗೆಮನೆಯ ಕುಕ್ಕರಿನಲ್ಲಿ ಕಪ್ಪೆ. ಕಾರ್ಡಿನ ರ್‍ಯಾಕಿನ ಹಿಂದೆ ಕೇರೆ ಹಾವಿನ ಪೊರೆ, ಬಾಲದಿಂದ ತಲೆಯ ತನಕ ಒಂದೂ ಹರಕಿಲ್ಲದ್ದು. ಹಾವು ಎಲ್ಲಿ ಎಂದು ನಾನೂ ಕೇಳಲಿಲ್ಲ, ಅಡುಗೆಯಕ್ಕನೂ ಹೇಳಲಿಲ್ಲ. ಪೊರೆಯನ್ನು ಪರಿಸರ ಅಧ್ಯಯನಕ್ಕೆಂದು ಎತ್ತಿಟ್ಟೆ.

ಇಲ್ಲದಿದ್ದದ್ದು ಗಂಟೆ. ನಮ್ಮ ಗಂಟೆಯೆಂದರೆ ಮಾವಿನ ಕೊಂಬೆಗೆ ತೂಗುವ ರೈಲು ಕಂಬಿಯ ತುಂಡು. ರೈಲನ್ನೇ ಕಾಣದ ಊರಿಗೆ ಕಂಬಿ ಹೇಗೆ ಬಂತೋ, ನಾನು ಬರುವ ಮೊದಲೇ ಇತ್ತು. ವಿಚಾರಿಸಿದರೆ ಎಸ್‌ಡಿಎಂಸಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ರಜೆಯಲ್ಲಿ ಸುಮ್ಮನೆ ನೇತಾಡುವ ಬದಲು ಉಪಯೋಗಕ್ಕೆ ಬರಲಿ ಎಂದು ಬಾಳೆ ತೋಟದಲ್ಲಿ ಕಟ್ಟಿಕೊಂಡಿದ್ದರು, ಮಂಗ ಓಡಿಸಲು. ಕಂಬಿ ಬಡಿಯುವುದು, ಸುತ್ತಲಿನ ಮನೆಗಳ ನಾಯಿಗಳನ್ನೆಲ್ಲ ಛೂ ಬಿಡುವುದು. ಎರಡು ತಿಂಗಳು ಇದೇ ನಡೆದಿತ್ತು. ಸಂಜೆ ತಂದು ಮೊದಲಿನ ಜಾಗದಲ್ಲೇ ಕಟ್ಟಿ, ‘ಎಂತಾ ಸೌಂಡ್ ಇದೆ ಟೀಚರೇ ಇದಕ್ಕೆ!’ ಎಂದು ಹೊಗಳಿ ಹೋದರು.

ಮರುದಿನ, 29ರ ಬೆಳಿಗ್ಗೆ, ಹೊಸ ಸಾಲಿನ ಮೊದಲ ಗಂಟೆಯನ್ನು ನಾನೇ ಹೊಡೆದೆ. ಮಕ್ಕಳು ಬರುವ ಮೊದಲು ನಾಯಿಗಳು ಬಂದವು. ಐದು. ನಾಲಿಗೆ ಚಾಚಿಕೊಂಡು, ಬೇಲಿ ಹಾರಿ, ಅಂಗಳದಲ್ಲಿ ನಿಂತು, ಮಂಗ ಎಲ್ಲಿ ಎಂಬಂತೆ ನನ್ನ ಮುಖ ನೋಡಿದವು. ನನ್ನ ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಗಂಟೆ ಹೊಡೆದ ಕೂಡಲೇ ಇಷ್ಟು ಉತ್ಸಾಹದಿಂದ ಓಡಿ ಬಂದವರನ್ನು ನಾನು ಕಂಡಿರಲಿಲ್ಲ.

ಪ್ರಾರಂಭೋತ್ಸವ ಎಂದಮೇಲೆ ತೋರಣ, ರಂಗೋಲಿ, ಸಿಹಿಯೂಟ ಇರಬೇಕು. ಹೊಸ ಮಕ್ಕಳನ್ನು ಮೆರವಣಿಗೆಯಲ್ಲಿ ಕರೆತರಬೇಕು. ಫೋಟೋ ಹತ್ತೂವರೆಯೊಳಗೆ ಗ್ರೂಪಿಗೆ ಹಾಕಬೇಕು. ಆ ವರ್ಷ ಮುಂಗಾರಿಗೂ ಅವಸರ. ಎಂಟು ದಿನ ಮುಂಚೆ, ಮೇ 24ಕ್ಕೇ ಕೇರಳಕ್ಕೆ ಬಂದು ಇಳಿದಿತ್ತು, ನಮಗೂ ಅದರ ಬೆನ್ನಿಗೇ ಶುರುವಾಗಿತ್ತು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಕೂತು ರಂಗೋಲಿ ಹಾಕುವವರ ಕಷ್ಟ ಸುತ್ತೋಲೆ ಬರೆಯುವವರಿಗೆ ಹೇಗೆ ಗೊತ್ತಾಗಬೇಕು? ನಾನು ಎಂಟು ಗಂಟೆಗೆ ಹಾಕಿದ ನವಿಲು ಎಂಟೂ ಹತ್ತಕ್ಕೆ ಮೆಟ್ಟಿಲಿಳಿದು ಚರಂಡಿಯ ದಾರಿ ಹಿಡಿಯಿತು. ಮಾವಿನೆಲೆಯ ತೋರಣವನ್ನು ಯಾರದೋ ದನ ಎಡಗಡೆಯಿಂದ ತಿನ್ನುತ್ತಾ ಬಂದು, ‘ಸುಸ್ವಾಗತ’ ಬೋರ್ಡಿನ ‘ಸು’ವಿನ ಬುಡದಲ್ಲಿ ನಿಲ್ಲಿಸಿತು. ಅಷ್ಟು ಉಳಿಸಿದ್ದಕ್ಕೆ ಅದಕ್ಕೆ ನಮಸ್ಕಾರ.

ಮೆರವಣಿಗೆಗೆ ಅಧ್ಯಕ್ಷರ ಪವರ್ ಟಿಲ್ಲರ್. ಹಿಂದಿನ ಟ್ರೇಲರಿಗೆ ಬಾಳೆಕಂದು ಕಟ್ಟಿ, ಮಧ್ಯೆ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಅದರ ಮೇಲೆ ಪುಟ್ಟನನ್ನು ಕೂರಿಸಿ ತಂದರು. ಬರದಿಲ್ಲ ಎಂದವನನ್ನು ಒಪ್ಪಿಸಲು ಎರಡು ಷರತ್ತು ಒಪ್ಪಿಕೊಳ್ಳಬೇಕಾಯಿತಂತೆ: ಒಂದು ಈ ಟಿಲ್ಲರ್ ಸವಾರಿ, ಇನ್ನೊಂದು ಅಜ್ಜನ ಕೊಡೆ. ಬೆತ್ತದ ಹಿಡಿಯ, ಇಡೀ ಸಂಸಾರ ಹಿಡಿಯುವಂಥ ಕರಿ ಕೊಡೆ. ಅದನ್ನು ಬಿಚ್ಚಿ ಹಿಡಿದು ಛತ್ರಪತಿಯಂತೆ ಕೂತಿದ್ದ. ಮುಂದೆ ಒಂಬತ್ತು ಮಕ್ಕಳು ‘ಬನ್ನಿ ಬನ್ನಿ ಶಾಲೆಗೆ’ ಎಂದು ಕೂಗುತ್ತಾ, ಹಿಂದೆ ಐದು ನಾಯಿಗಳು.

ಶಾಲೆ ಬಂತು. ಪುಟ್ಟ ಇಳಿಯಲಿಲ್ಲ.

‘ಇನ್ನೊಂದ್ ರೌಂಡ್.’

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಹಾಜರಿ ಪುಸ್ತಕದಲ್ಲಿ ಖಾಲಿ ಇದ್ದ ಹತ್ತನೆಯ ಸಾಲನ್ನು ನೆನೆದೆ. ‘ಒಂದ್ ರೌಂಡ್ ಹೊಡ್ಸಿಬಿಡಿ’ ಎಂದೆ. ಸೇತುವೆಯ ತನಕ ಹೋಗಿ ಬಂದರು. ಆಗಲೂ ಇಳಿಯಲಿಲ್ಲ. ಇನ್ನೊಂದು ಹೋದರು. ಡೀಸೆಲ್‌ ಖರ್ಚನ್ನು ಯಾವ ಅನುದಾನದಲ್ಲಿ ತೋರಿಸುವುದು ಎಂದು ನಾನು ಯೋಚಿಸುತ್ತಿರುವಾಗ ಟಿಲ್ಲರೇ ದಯೆ ತೋರಿ ಕೆಸರಿನಲ್ಲಿ ನಿಂತಿತು. ಪುಟ್ಟ ಇಳಿದ, ಕೊಡೆ ಸಮೇತ.

ಫೋಟೋ ತೆಗೆದೆ. ದಿನಾಂಕ, ಸಮಯ, ಸ್ಥಳ ತಾನೇ ಮೂಡುವ ಆ್ಯಪ್. ನೆಟ್‌ವರ್ಕಿಗೆಂದು ಧ್ವಜಕಟ್ಟೆ ಹತ್ತಿ, ಕೈ ಮೇಲೆತ್ತಿ ಕಳಿಸಿದೆ. ಹತ್ತೇ ನಿಮಿಷಕ್ಕೆ ಮೇಲಿನವರ ಫೋನು: ‘ಏನ್ ಮೇಡಂ, ಪ್ರಾರಂಭೋತ್ಸವ ಶಿವಮೊಗ್ಗದ ಕಲ್ಯಾಣ ಮಂಟಪದಲ್ಲಿ ಇಟ್ಕೊಂಡಿದ್ದೀರಾ?’ ಹಿಂದಿನ ವಾರ ಅಕ್ಕನ ಮಗಳ ಮದುವೆಗೆ ಹೋಗಿದ್ದೆ. ನೆಟ್‌ವರ್ಕ್ ಸಿಗದ ಫೋನು ಆ ಊಟವನ್ನು ಇನ್ನೂ ಮರೆತಿರಲಿಲ್ಲ. ಫೋಟೋದಲ್ಲಿ ಬಾಳೆಕಂದು, ಅರ್ಧ ತೋರಣ, ಕುರ್ಚಿಯಲ್ಲಿ ಮದುಮಗನ ಹಾಗೆ ಒಬ್ಬ. ಅಲ್ಲ ಎಂದು ಸಾಧಿಸುವುದೂ ಸುಲಭವಿರಲಿಲ್ಲ.

ಕ್ಷೀರಭಾಗ್ಯದ ಹೊತ್ತಿಗೆ ಇನ್ನೊಂದು. 2013ರಿಂದ ಬಂದಿರುವ ಈ ಹಾಲಿನ ಲೆಕ್ಕ ನನಗೆ ನಿದ್ದೆಯಲ್ಲೂ ಬರುತ್ತದೆ: ತಲೆಗೆ 18 ಗ್ರಾಂ ಪುಡಿ, 150 ಮಿಲಿಲೀಟರ್ ಹಾಲು, ಹತ್ತು ಮಕ್ಕಳಿಗೆ 180 ಗ್ರಾಂ. ಬಾಯಿ ಸಡಿಲಿಸಿದ್ದ ಪೊಟ್ಟಣಕ್ಕೆ ಮಳೆಯ ತಂಡಿ ತಗುಲಿ ಪುಡಿ ಇಟ್ಟಿಗೆಯಾಗಿತ್ತು. ಅಡುಗೆಯಕ್ಕ ‘ವಾಸನೆ ಎಂತ ಇಲ್ಲ’ ಎಂದು ಮೂಸಿ ನೋಡಿ, ಒರಳಿಗೆ ಹಾಕಿ ಕುಟ್ಟತೊಡಗಿದಳು. ಮನೆಯಲ್ಲಿ ದಿನಾ ಹಸು ಕರೆಯುವುದನ್ನು ನೋಡುವ ಪುಟ್ಟ, ಬಾಗಿಲಲ್ಲಿ ನಿಂತು ಬಹಳ ಹೊತ್ತು ಈ ಕೆಲಸ ನೋಡಿದ. ‘ಇಲ್ಲಿ ಹಾಲು ಕಲ್ಲಿಂದ ಬರ್ತದಾ?’ ಎಂದ. ನಾವು ಓದುವಾಗ ಮಧ್ಯಾಹ್ನಕ್ಕೆ ಕೊಡುತ್ತಿದ್ದ ಹಳದಿ ಉಪ್ಪಿಟ್ಟು ಎಲ್ಲಿಂದ ಬರುತ್ತದೆಂದು ಕೇಳುವ ಧೈರ್ಯ ನಮಗಂತೂ ಇರಲಿಲ್ಲ. ಮುಗಿದುಹೋದೀತು ಎಂಬುದೊಂದೇ ಭಯ.

ಹನ್ನೊಂದಕ್ಕೆ ತರಗತಿ. ಹೊಸ ಪುಸ್ತಕ ಹಂಚಿದೆ. ಎಲ್ಲರೂ ಮೊದಲು ಮೂಸಿ ನೋಡಿದರು, ಆಮೇಲೆ ಬಿಚ್ಚಿದರು. ಪುಟ್ಟ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ, ತಲೆಯ ಮೇಲೆ ಬಿಚ್ಚಿದ ಕೊಡೆ. ‘ಒಳಗೆ ಕೊಡೆ ಮಡಚಬೇಕು ಪುಟ್ಟ’ ಎಂದೆ. ತಲೆಯಾಡಿಸಿದ, ಅಡ್ಡಡ್ಡ. ‘ನೋಡು, ಇಲ್ಲಿ ಮಾಡು ಇದೆಯಲ್ಲ, ಮಳೆ ಬರೋದಿಲ್ಲ’ ಎಂದೆ. ಅವನು ತಲೆಯೆತ್ತಿ ಹಂಚುಗಳನ್ನು ಒಂದು ಸುತ್ತು ನೋಡಿ, ನಂಬಿಕೆ ಬಾರದೆ ಸುಮ್ಮನಾದ. ಐದನೆಯ ತರಗತಿಯವರು ಕಿಸಕ್ಕೆಂದರು. ಮೊದಲ ದಿನವೇ ಅಳಿಸುವುದು ಬೇಡ ಎಂದು ಬಿಟ್ಟೆ.

ಹಾಜರಿ ಕರೆದೆ. ಒಂಬತ್ತು ‘ಹಾಜರ್ ಟೀಚರ್’ ಆಯಿತು. ಹತ್ತನೆಯ ಹೆಸರನ್ನು ಆಧಾರಿನಲ್ಲಿ ಇದ್ದಂತೆ ಉದ್ದಕ್ಕೆ ಓದಿದೆ. ಉತ್ತರವಿಲ್ಲ. ಮತ್ತೆ ಓದಿದೆ. ಅದು ಯಾರಪ್ಪಾ ಎಂದು ಪುಟ್ಟನೂ ಎಲ್ಲರ ಜೊತೆ ಹಿಂದೆ ತಿರುಗಿ ನೋಡಿದ. ಹುಟ್ಟಿದಾಗ ಇಟ್ಟ ಆ ಹೆಸರು ಕಾಗದದಲ್ಲೇ ಉಳಿದು, ಅವನಿಗೆ ಇನ್ನೂ ಯಾರೂ ತಿಳಿಸಿರಲಿಲ್ಲ.

‘ನೀನೇ ಅದು’ ಎಂದೆ.

‘ಅಲ್ಲ, ನಾ ಪುಟ್ಟ.’

ಇದನ್ನು ಬಗೆಹರಿಸುವ ಮೊದಲೇ ಗುಡ್ಡದ ಆಚೆಯಿಂದ ಭೋರೆಂದು ಶಬ್ದ ಬಂತು. ರಜೆಯಲ್ಲಿ ಬಾಳೆ ತೋಟದಿಂದ ಅಟ್ಟಿಸಿಕೊಂಡ ಮಂಗಗಳು ಎಲ್ಲಿಗೆ ಹೋಗುತ್ತಿದ್ದವು ಎಂದು ನಾನು ಯೋಚಿಸಿರಲೇ ಇಲ್ಲ. ನಮ್ಮ ಮಾಡಿನ ಮೇಲೆ ಕೂತು ಹಂಚು ಸರಿಸಿ ಆಟ ಆಡುತ್ತಿದ್ದವು ಎಂಬುದು ಐದೇ ನಿಮಿಷದಲ್ಲಿ ಒಟ್ಟು ಹನ್ನೊಂದು ಜಾಗದಲ್ಲಿ ತಿಳಿಯಿತು. ಮಕ್ಕಳು ಪುಸ್ತಕಗಳನ್ನು ಅಂಗಿಯೊಳಗೆ ಸೇರಿಸಿಕೊಂಡು ಗೋಡೆಗೆ ಅಂಟಿದರು. ನನ್ನ ಮೇಜಿನ ಮೇಲೆ ನೇರವಾಗಿ ಒಂದು ಧಾರೆ. ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು ಒಣಗಿದ ಜಾಗಕ್ಕಾಗಿ ಸುತ್ತ ನೋಡಿದೆ. ಇಡೀ ಕೋಣೆಯಲ್ಲಿ ಅಂಥದ್ದು ಒಂದೇ ಇತ್ತು.

ಹೋಗಿ ಕೊಡೆಯಡಿ ಮುದುರಿ ಕೂತೆ. ಪುಟ್ಟ ಪಾಪ, ಸ್ವಲ್ಪ ಸರಿದು ಜಾಗ ಕೊಟ್ಟ. ಮೊಣಕಾಲಿನ ಮೇಲೆ ಪುಸ್ತಕ ಇಟ್ಟು, ಹತ್ತನೆಯ ಸಾಲಿನಲ್ಲಿ ಆ ಉದ್ದದ ಹೆಸರು ಬರೆದು, ಮುಂದೆ ಹಾಜರಿ ಹಾಕಿದೆ. ಅವನು ಬಗ್ಗಿ ನೋಡಿದ. ಓದಲು ಬಾರದಿದ್ದರೂ ಅಲ್ಲಿ ತನ್ನದೇನೋ ಬರೆದರು ಎಂಬುದು ಗೊತ್ತಾಗಿರಬೇಕು. ಸ್ವಲ್ಪ ಹೊತ್ತು ಮಳೆ ನೋಡಿದ. ಆಮೇಲೆ ಕೊಡೆಯ ಹಿಡಿಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು ಹೇಳಿದ:

‘ಟೀಚರೇ, ನಾಳೆಯಿಂದ ನಿಮ್ ಕೊಡೆ ನೀವೇ ತಗಂಡ್ ಬನ್ನಿ. ನಂಗೆ ಕೈ ನೋವು.’